ದೇವಕಿಯ ಕಬ್ಬಿಣದ ಕಾಲು

ಮೊನ್ನೆ ಪುತ್ತೂರಿನಲ್ಲಿ ಚಪ್ಪಲಿ ಹೊಲಿಸಲು ಹೋಗಿದ್ದೆ. ಅಲ್ಲಿ ಯಾವುದೋ ಮಗುವಿನ ಸೋತ ಕಾಲಿಗೆ ಕಟ್ಟುವ ಕ್ಯಾಲಿಪರಿನ ಪಟ್ಟಿಗೆ ಹೊಲಿಗೆ ಬೀಳುತ್ತಿತ್ತು. ಎಣ್ಣೆ ಹಚ್ಚಿದ ತೊಗಲಿನ ವಾಸನೆ ಮೂಗಿಗೆ ತಾಗಿದ್ದೇ, ನಗಬೇಡಿ, ಈ ವಯಸ್ಸಿನಲ್ಲೂ ನನ್ನ ಮೈ ಜುಮ್ಮೆಂದಿತು.

ನನ್ನ ತಂಗಿ ಲಲಿತಳಿಗೆ ಎಳವೆಯಲ್ಲೇ ಜ್ವರ ಬಂದು ಎಡಗಾಲು ಸೋತಿತ್ತು. ಗುತ್ತಿಗಾರಿನ ನಮ್ಮ ಮನೆಯಲ್ಲಿ ಕೈಯೂರಿ ತೆವಳಿಯೇ ಅವಳ ಓಡಾಟ. ಐವತ್ತರ ದಶಕದ ಕೊನೆ ಅದು. ತೊಗಲಿನ ಪಟ್ಟಿಯಿಂದ ಕಾಲಿಗೆ ಕಟ್ಟುವ ಇಂಥ ಕಬ್ಬಿಣದ ಸರಳು ಮಂಗಳೂರಿಗೆ ಹೋದರೂ ಸುಲಭಕ್ಕೆ ಸಿಗದು. ಕೊನೆಗೆ ಜಾಲ್ಸೂರಿನಿಂದ ಒಂದು ಬಂತು. ದೇವಕಿ ಎಂಬ ಹುಡುಗಿಯದ್ದು. ಅವಳು ತೀರಿಹೋಗಿದ್ದಳು.

"ಸತ್ತ ಮಗುವಿನದ್ದು ನಮಗೆ ಬೇಡ" ಎಂದಳು ಅವ್ವ. ಲಲಿತ ಅದನ್ನು ಅಪ್ಪಿ ಹಿಡಿದವಳು ಬಿಡಲಿಲ್ಲ. ಕಟ್ಟಿ ನೋಡಿದರೆ ಅವಳಿಗೆಂದೇ ಮಾಡಿಸಿದಂತೆ ಕೂತಿತು.

ನಾವು ನೆನೆಸಿದ್ದಕ್ಕಿಂತ ಬೇಗ ನಡೆದಳು. ಆದರೆ ಹೊಸ್ತಿಲು ದಾಟುವ ಮೊದಲು ನಿಂತು, ಕಬ್ಬಿಣದ ಕಾಲನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಟಕ್, ಟಕ್. ನಾವು ಕಲಿಸಿದ್ದಲ್ಲ. ಧೈರ್ಯಶಾಲಿಯಾದ ನನಗೆ ಆ ಸದ್ದು ಕೇಳಿದ ಕೂಡಲೇ ಅಡುಗೆಮನೆಯಲ್ಲಿ ಅವ್ವನಿಗೆ ನೆರವಾಗುವ ಮನಸ್ಸಾಗುತ್ತಿತ್ತು.

ಒಂದು ಮಧ್ಯಾಹ್ನ ದೇವಕಿಯ ತಾಯಿ ಬಂದರು. ಚಾವಡಿಯಲ್ಲಿ ಕೂತು ಬೆಲ್ಲ ಬಾಯಿಗಿಡುವಾಗ ಒಳಗಿನಿಂದ ಸದ್ದು ಬಂತು. ಟಕ್, ಟಕ್. ಅವರ ಕೈಯ ನೀರಿನ ಚೆಂಬು ಉರುಳಿತು.

"ದೇವಕೀ..."

ಬಾಗಿಲಲ್ಲಿ ಲಲಿತ ನಿಂತಿದ್ದಳು.

"ನಮ್ಮವಳೂ ಹೀಗೇ ಕುಟ್ಟುದು. ಯಾರು ಹೇಳಿಕೊಟ್ಟದ್ದು ಮಗಾ?"

"ಯಾರೂ ಇಲ್ಲ. ಕಾಲೇ ನಿಲ್ತದೆ."

ಅವ್ವ ಓಡಿಬಂದು ಪಟ್ಟಿ ಬಿಚ್ಚತೊಡಗಿದಳು. ಲಲಿತ ಅವಳ ಕೈ ಹಿಡಿದಳು.

"ಬೇಡ ಅವ್ವ. ನಾನು ಪುನಃ ತೆವಳುದಾ?"

ದೇವಕಿಯ ತಾಯಿ ಎದ್ದು ಬಂದು, ಕೂತು, ಬಿಚ್ಚಿದ ಪಟ್ಟಿಯನ್ನು ಮತ್ತೆ ಬಿಗಿದರು.

"ಇರ್ಲಿ ಮಾರಾಯ್ತಿ. ನನ್ನವಳಿಗೆ ಶಾಲೆ ನೋಡ್ಲಿಕ್ಕೆ ಆಗ್ಲಿಲ್ಲ. ಇವಳು ಕರ್ಕೊಂಡು ಹೋಗ್ಲಿ."

ಲಲಿತ ಶಾಲೆಗೆ ಹೋದಳು. ಬೆಂಚಿನಲ್ಲಿ ಪಕ್ಕದ ಜಾಗವನ್ನು ಖಾಲಿ ಇಡುತ್ತಿದ್ದಳು. ಯಾರಿಗೆಂದು ಮಾಸ್ತರರೂ ಕೇಳಲಿಲ್ಲ. ಅವಳು ಬೆಳೆದು ದೇವಕಿಯ ಸರಳು ಚಿಕ್ಕದಾದಾಗ ಹೇಗೋ ಹೊಸತೊಂದು ಬಂತು. ಅದನ್ನು ಕಟ್ಟಿದ ದಿನ ಅವಳು ಹೊಸ್ತಿಲಲ್ಲಿ ನಿಲ್ಲಲಿಲ್ಲ, ಕುಟ್ಟಲೂ ಇಲ್ಲ. ನಾವೆಲ್ಲ ನೆಮ್ಮದಿಯ ಉಸಿರುಬಿಟ್ಟೆವು. ಲಲಿತ ಮಾತ್ರ ಸಂಜೆಯವರೆಗೆ ಅತ್ತಳು.

ಪುತ್ತೂರಿನಲ್ಲಿ ಮೊನ್ನೆ ನನ್ನ ಚಪ್ಪಲಿ ಸಿದ್ಧವಾಗಿ ಎಷ್ಟೋ ಹೊತ್ತಾಗಿತ್ತು. ನಾನು ಎದ್ದಿರಲಿಲ್ಲ. ಪಕ್ಕದಲ್ಲೇ ತಾಯಿಯ ಮಡಿಲಲ್ಲಿ ಕಾದಿದ್ದ ಪುಟ್ಟ ಹುಡುಗಿಗೆ ಹೊಲಿದ ಪಟ್ಟಿಯ ಕ್ಯಾಲಿಪರು ಕಟ್ಟಿದರು. ಅವಳು ಎದ್ದು ನಿಂತು ಓಲಾಡಿದಳು. ಈ ಸಲ ನಾನು ಹಿಂದೆ ಸರಿಯದೆ ಕೈಚಾಚಿದೆ. ಹಿಡಿದ ಆ ಸಣ್ಣ ಕೈ ಬೆಚ್ಚಗಿತ್ತು.