ಏಳನೆಯ ನಿಮಿಷಕ್ಕೆ ಶಟರ್

ದಾದರ್ ಸ್ಟೇಷನ್ನಿನ ಹೊರಗೆ ಮೊನ್ನೆ ಒಂದು ಹಳೆಯ ಟ್ಯಾಕ್ಸಿ ನಡುಗುತ್ತ ನಿಂತಿತ್ತು. ಅದರ ಅರೆಬೆಂದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ, ಹತ್ತಬೇಕಿದ್ದ ಲೋಕಲ್ ಬಿಟ್ಟು ಅಲ್ಲೇ ನಿಂತುಬಿಟ್ಟೆ. ಬೈಕುಲ್ಲಾದಲ್ಲಿ ಕಾರು ರಿಪೇರಿ ಮಾಡುತ್ತಿದ್ದ ಮಿಸ್ತ್ರಿಯ ನೆನಪು ಬಂತು. ಮನೆಗೆ ಬಂದು ಐದು ವರ್ಷ ಹಿಂದಿನ, 1974ರ ಡೈರಿ ತೆಗೆದೆ.

ಆಗ ನಾನು ದಾದರಿನಲ್ಲಿ ಮಾವನ ಹೋಟೆಲಿನ ಮಾಳಿಗೆಯಲ್ಲಿದ್ದೆ. ಹಗಲು ಫೋರ್ಟಿನ ಆಫೀಸಿನಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಅದಕ್ಕೂ ಮೊದಲು ಮಾವನ ಹಳೆಯ ಕಾರಿನಲ್ಲಿ ಬೈಕುಲ್ಲಾ ಮಾರ್ಕೆಟ್ಟಿನಿಂದ ತರಕಾರಿ ತರುವ ಕೆಲಸ. ಆಕ್ಸಿಲರೇಟರ್ ಒತ್ತಿದರೆ ಆ ಕಾರು ಏದುಸಿರು ಬಿಡುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ನಡುಗಿ ಬಂದ್ ಆಗುತ್ತಿತ್ತು. ಎಲ್ಲಿ, ಎಷ್ಟು ಸಲ ಎಂದು ಗೀಟು ಹಾಕಿ ಬರೆದಿಟ್ಟೆ. ಒಂದು ವಾರದಲ್ಲಿ ಇಪ್ಪತ್ತಮೂರು ಸಲ.

ಆ ಪುಟ ತೋರಿಸಿದಾಗ ಮಿಸ್ತ್ರಿ ನಕ್ಕುಬಿಟ್ಟರು. ವಿಜಾಪುರದ ಕಡೆಯವರು, ಐವತ್ತು ದಾಟಿದವರು. ಮಾರ್ಕೆಟ್ಟಿನ ಹಿಂದೆ ಒಂದೇ ಕಾರು ಹಿಡಿಸುವ ಗಾಳಾ, ಅಂದರೆ ಶಟರಿನ ಸಣ್ಣ ಮಳಿಗೆ, ಅವರ ವರ್ಕ್‌ಶಾಪು.

“ಗಾಡಿಗೆ ಚಳಿಜ್ವರ ಬಂದದ ಅನ್ನು. ನೀ ಜ್ವರದ ಪಟ್ಟಿ ಬ್ಯಾರೆ ಬರಕೊಂಡು ಬಂದೀಯಲ್ಲೋ ತಮ್ಮಾ!”

ಪ್ಲಗ್ಗು ಬದಲಿಸಿದರು, ಪಾಯಿಂಟು ಉಜ್ಜಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು. ಒಂದೊಂದಕ್ಕೂ ಒಂದೊಂದು ಶನಿವಾರದ ಮಧ್ಯಾಹ್ನ ಹೋಯಿತು. ನಡುಕ ನಿಲ್ಲಲಿಲ್ಲ. ಕೊನೆಗೆ, ಲಾರಿ, ಕೈಗಾಡಿಗಳ ಗದ್ದಲ ಒಳಗೆ ಬರಬಾರದೆಂದು ಅವರು ಶಟರ್ ಪೂರ್ತಿ ಎಳೆದರು. ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರು. ಕಷ್ಟದ ಗಾಡಿಗಳನ್ನು ಹೀಗೆ ಕೇಳುವುದೇ ಅವರ ಪದ್ಧತಿ.

ಸ್ವಲ್ಪ ಹೊತ್ತಿಗೆ ಮೂಲೆಯ ಕಡೆ ತಿರುಗಿ, “ಹಾಂ, ಬಾ, ಬಾ,” ಎಂದರು. ಮೂಲೆಯಲ್ಲಿ ಹಳೆಯ ಟಯರುಗಳ ಹೊರತು ಏನೂ ಇರಲಿಲ್ಲ.

“ಯಾರು ಮಿಸ್ತ್ರಿ?”

“ನಮ್ಮಣ್ಣ. ಈ ಗಾಳಾ ಅವಂದ. ಕಾರ್ಬೊರೇಟರಿನ ಬುಡಕ್ಕ ಗಾಳಿ ಎಳೀಲಿಕ್ಕತ್ತದ, ಪ್ಯಾಕಿಂಗ್ ಹೋಗೇದ ಅಂತಾನ.”

ಅಣ್ಣ ಸತ್ತು ಹನ್ನೊಂದು ವರ್ಷವಾಗಿತ್ತಂತೆ. ಇದೇ ಶಟರಿನ ಒಳಗೆ, ಚಾಲೂ ಇದ್ದ ಗಾಡಿಯ ಪಕ್ಕ, ಕೂತಲ್ಲೇ...  ಆದರೆ ಬಿಚ್ಚಿ ನೋಡಿದರೆ ಸಂದು ಮುಚ್ಚುವ ಆ ಪ್ಯಾಕಿಂಗ್ ನಿಜವಾಗಿಯೂ ಹರಿದಿತ್ತು. ಹೊಸದು ಹಾಕಿದ ಮೇಲೆ ಕಾರಿನ ನಡುಕ ನಿಂತಿತು.

ಆಮೇಲೂ ಶನಿವಾರ ಆಫೀಸು ಬಿಟ್ಟೊಡನೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಡೈರಿಯಲ್ಲಿ ಲೆಕ್ಕ ಇದೆ: ಶಟರ್ ತೆರೆದಿದ್ದ ಆರು ಸಲ ಅಣ್ಣ ಬರಲಿಲ್ಲ. ಮುಚ್ಚಿದ್ದ ಐದು ಸಲವೂ ಬಂದ, ಎಂಟನೆಯ ನಿಮಿಷ ದಾಟಿದ ಮೇಲೆ. ಅದೇ ಪುಟದ ಅಂಚಿನಲ್ಲಿ ನನ್ನ ತಲೆನೋವಿನ ಗೀಟುಗಳಿದ್ದವು. ಅವೂ ಐದು. ಅವೇ ಐದು ಶನಿವಾರಗಳು.

ಅದು ಕಣ್ಣಿಗೆ ಬಿದ್ದ ದಿನ ಎದ್ದುಬಿದ್ದು ಗಾಳಾಕ್ಕೆ ಓಡಿದೆ. “ಮಿಸ್ತ್ರಿ, ಅದು ಹೊಗೆಯ ವಿಷ. ಅಣ್ಣನನ್ನು ತಿಂದದ್ದೂ ಅದೇ, ನಾಳೆ ನಿಮ್ಮನ್ನೂ ತಿಂತದೆ. ಇನ್ನು ಶಟರ್ ಹಾಕಬೇಡಿ ಮಾರಾಯ್ರೆ.”

ಅವರು ಬಟ್ಟೆಗೆ ಕೈ ಒರೆಸಿಕೊಂಡರು.

“ಗೊತ್ತದ ತಮ್ಮಾ. ಶಟರ್ ತೆಗದ್ರ ಅಂವ ಬರಂಗಿಲ್ಲಲ್ಲ?”

ಕೊನೆಗೆ ಒಂದು ಒಪ್ಪಂದವಾಯಿತು. ನಾನಿಲ್ಲದೆ ಅವರು ಶಟರ್ ಎಳೆಯಬಾರದು. ನಾನು ಹೊರಗೆ ಗಡಿಯಾರ ನೋಡುತ್ತ ನಿಂತು ಏಳನೆಯ ನಿಮಿಷಕ್ಕೆ ಮೇಲೆತ್ತಬೇಕು. ಒಂಬತ್ತು ಶನಿವಾರ ಎತ್ತಿದೆ.

“ಬಂದ್ಯಾ ಯಮನ ಗುಮಾಸ್ತ? ಈಗರೆ ಬರಾಂವ ಇದ್ದ, ಓಡಿಸಿಬಿಟ್ಟಿ ನೋಡು!” ಎಂದು ಬೈದು ನಗುತ್ತಿದ್ದರು. ಒಂಬತ್ತನೆಯ ಸಲ ಬೈಯಲೂ ಇಲ್ಲ, ನಗಲೂ ಇಲ್ಲ.

ಹತ್ತನೆಯ ಶನಿವಾರ ಮಳೆ. ಹಳಿಯ ಮೇಲೆ ನೀರು ನಿಂತು ನನ್ನ ಲೋಕಲ್ ಮಸ್ಜಿದ್ ಸ್ಟೇಷನ್ನಿನ ಹತ್ತಿರವೇ ನಲವತ್ತು ನಿಮಿಷ ಕೂತಿತು. ನಾನು ಮುಟ್ಟುವಾಗ ಶಟರ್ ಕೆಳಗಿತ್ತು. ಒಳಗಿನಿಂದ ಎಂಜಿನ್ನಿನ ಸದ್ದು ಬರುತ್ತಿತ್ತು. ಒಂದು ಮಿಡಿತವೂ ತಪ್ಪದ, ನಯವಾದ ಸದ್ದು... ಕೇಳಿ ಹುಡುಕಬೇಕಾದ ದೋಷವೇ ಆ ಗಾಡಿಯಲ್ಲಿ ಇರಲಿಲ್ಲ.

ಪಕ್ಕದ ಚಹಾದವನೂ ನಾನೂ ಸೇರಿ ಶಟರ್ ಎತ್ತಿದೆವು. ಮಿಸ್ತ್ರಿ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದರು. ಉಸಿರು ನಿಂತಿತ್ತು. ಎದುರಿಗೆ ಇನ್ನೊಂದು ಸ್ಟೂಲು, ಯಾರೋ ಮಾತಿಗೆ ಕೂತವರದೆಂಬಂತೆ ಹತ್ತಿರಕ್ಕೆ ಎಳೆದಿಟ್ಟಿತ್ತು.

ಟ್ಯಾಕ್ಸಿ ಕಂಡ ಮರುದಿನ, ಅಂದರೆ ನಿನ್ನೆ, ಬೈಕುಲ್ಲಾಕ್ಕೆ ಹೋಗಿ ಬಂದೆ. ಆ ಗಾಳಾದಲ್ಲಿ ಈಗ ಒಬ್ಬರು ತಗಡಿನ ಪೆಟ್ಟಿಗೆ ಮಾಡುತ್ತಾರೆ. ಶಟರ್ ಕಿತ್ತು ಸರಳಿನ ಬಾಗಿಲು ಹಾಕಿಸಿದ್ದಾರೆ. ಒಳಗೆ ಎಂಜಿನ್ ಇಲ್ಲ, ಹೊಗೆ ಇಲ್ಲ. ಗಾಳಿ ಧಾರಾಳವಾಗಿ ಆಡುತ್ತದೆ. ಹಿಂದೆ ಇಲ್ಲಿದ್ದ ಮಿಸ್ತ್ರಿಯ ಪರಿಚಯದವನು ನಾನು ಎಂದೆ.

ಅವರು ಸುತ್ತಿಗೆ ಕೆಳಗಿಟ್ಟರು. ಒಮ್ಮೆ ಮೂಲೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: “ಸಾಬ್, ಇಧರ್ ದೋ ಭಾಯಿ ಥೇ ಕ್ಯಾ?”

ಹೌದು, ಇಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು, ಎಂದೆ. ಹಾಗೆ ಹೇಳಿದ ಮೇಲೆ, ಮಿಸ್ತ್ರಿ ಹೋದ ಐದು ವರ್ಷದಲ್ಲಿ ಮೊದಲ ಬಾರಿಗೆ, ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ.