ಟೀಚರಿಗೆ ಒಪ್ಪಿಗೆಯಾಗದ ಕೊನೆಯ ಅಧ್ಯಾಯ

ಓದುವಾಗ ಟೀಚರ್ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. ಆ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಎಂದರೆ, "ಓದಲಿಕ್ಕೆ ಒಂದು ಕಣ್ಣು ಸಾಕು ಮಾರಾಯ್ತಿ" ಎನ್ನುತ್ತಿದ್ದರು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಓದುವರು. ಪುಟ ತಿರುಗಿಸುವಾಗ ಮಾತ್ರ ತಲೆಯೆತ್ತಿ ಒಮ್ಮೆ ರಸ್ತೆ ನೋಡುವರು.

ಜೆಪ್ಪುವಿನ ಆ ಹಳೆಯ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಅವರೊಬ್ಬರೇ. ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು, ಹಾಗಾಗಿ ಬೀದಿಗೆಲ್ಲ ಅವರು ಟೀಚರ್. ದಾರಿಯಲ್ಲಿ ಸಿಕ್ಕವರು "ಊಟ ಆಯ್ತಾ ಟೀಚರ್?" ಎಂದು ಕೇಳುವರು, ಗೇಟಿನ ಒಳಗೆ ಯಾರೂ ಬರುತ್ತಿರಲಿಲ್ಲ. ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ ದಿನ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು. ನಾನು ಉಣ್ಣುವುದನ್ನು ನೋಡುತ್ತಾ ಕೂರುವರು. ನನ್ನ ಊಟ ಮುಗಿದ ಮೇಲೆ ತಾವು ಬಡಿಸಿಕೊಳ್ಳುವರು.

ಪತ್ತೇದಾರಿ, ಕೋರ್ಟು, ಕೊಲೆ, ಇಂಥ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಓದಿ ಮುಗಿಸಿದ ಮೇಲೆ ನನ್ನ ಮೊಬೈಲಿನಲ್ಲಿ ಆ ಪುಸ್ತಕದ ಬಗ್ಗೆ ಓದುಗರು ಬರೆದದ್ದನ್ನು ಹುಡುಕಿಸುತ್ತಿದ್ದರು. "ಜನ ಎಂತ ಹೇಳ್ತಾರೆ, ಓದು." ಹೊಗಳಿಕೆ ಬಂದರೆ ಕೈ ಬೀಸಿ, "ಮುಂದೆ ಹೋಗು" ಎನ್ನುವರು. ಬೈದವರದ್ದನ್ನು ಎರಡೆರಡು ಸಲ ಓದಿಸುವರು.

ಹಂಪನಕಟ್ಟೆಯ ಹತ್ತಿರ ನಮ್ಮದೊಂದು ಓದುಗರ ಕೂಟವಿತ್ತು. ತಿಂಗಳಿಗೊಮ್ಮೆ ಭಾನುವಾರ ಸೇರುತ್ತಿದ್ದೆವು. ಒಂದು ಸಲ ಕೊಲೆ ವಿಚಾರಣೆಯ ಕಾದಂಬರಿಯೊಂದನ್ನು ಚರ್ಚೆಗೆ ಇಟ್ಟಾಗ ಟೀಚರನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಆ ಕಥೆಯಲ್ಲಿ ಆರೋಪಿ ಖುಲಾಸೆಯಾಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ತನ್ನ ವಕೀಲರ ಎದುರು ಕೂತು, ಕೊಂದದ್ದು ತಾನೇ ಎಂದು ಒಪ್ಪಿಕೊಳ್ಳುತ್ತಾನೆ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪಾಟೀಸವಾಲಿನ ಭಾಗವನ್ನು ಬಾಯ್ತುಂಬ ಹೊಗಳಿದರು. ಕಾಲೇಜಿನ ಉಪನ್ಯಾಸಕಿಯೊಬ್ಬರು, "ಅವನೇ ಅಂತ ನನಗೆ ಮೂರನೇ ಅಧ್ಯಾಯದಲ್ಲೇ ಗೊತ್ತಾಗಿತ್ತು" ಎಂದರು. ಕೂಟದಲ್ಲಿದ್ದ ಯುವ ವಕೀಲರು, "ನಮ್ಮ ಕೋರ್ಟಲ್ಲಿ ಹೀಗೆಲ್ಲ ಎಲ್ಲುಂಟು ಮಾರಾಯ್ರೆ? ಮುಂದಿನ ಡೇಟ್ ಕೊಡುವುದರಲ್ಲೇ ದಿನ ಹೋಗ್ತದೆ" ಎಂದಾಗ ಎಲ್ಲರೂ ನಕ್ಕರು.

ಟೀಚರ್ ನಗಲಿಲ್ಲ. ತಮ್ಮ ಸರದಿ ಬಂದಾಗ ಎದ್ದು ನಿಂತು, "ಕಥೆ ಚೆನ್ನಾಗುಂಟು. ಕೊನೆಯ ಅಧ್ಯಾಯ ಮಾತ್ರ ನಂಬಲಿಕ್ಕೆ ಆಗುವುದಿಲ್ಲ" ಎಂದರು.

"ಎಂತಕ್ಕೆ ಟೀಚರ್?" ಎಂದರು ವಕೀಲರು.

"ಅಲ್ಲಿ ನಿಜ ಗೊತ್ತಾಗಿಬಿಡ್ತದೆ."

ಅಷ್ಟು ಹೇಳಿ ಕೂತರು. ಇನ್ನೂ ಏನೋ ಹೇಳುತ್ತಾರೆಂದು ಎಲ್ಲರೂ ಕಾದರು. ಅಷ್ಟರಲ್ಲಿ ಚಹಾ ಬಂತು.

ಬಸ್ಸಿನಲ್ಲಿ ಮನೆಗೆ ಬಂದ ಮೇಲೆ, "ಸ್ವಲ್ಪ ಕೂತು ಹೋಗು" ಎಂದು ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡರು. ಇನ್ನೂ ಬಿಸಿಲಿತ್ತು.

"ನನ್ನ ತಮ್ಮ ಈ ಮನೆಯಲ್ಲೇ ಇದ್ದ, ಗೊತ್ತುಂಟಾ ನಿನಗೆ?"

ನನಗೆ ಗೊತ್ತಿರಲಿಲ್ಲ. ಅವರದ್ದು ಉಳ್ಳಾಲದ ಕಡೆಯ ಮೀನುಗಾರರ ಕುಟುಂಬ. ಇವರೊಬ್ಬರು ಓದಿ ಟೀಚರ್ ಆದರು, ತಮ್ಮ ಕಡಲಿಗಿಳಿದ. ಒಂದು ಬೆಳಿಗ್ಗೆ ಅವನೂ ಅವನ ಜೊತೆಗಾರನೂ ಸಣ್ಣ ದೋಣಿಯಲ್ಲಿ ಹೋದರು. ತಿರುಗಿ ಬಂದವನು ತಮ್ಮ ಒಬ್ಬನೇ. ಜೊತೆಗಾರನ ಹೆಣ ಆಮೇಲೆ ದಡಕ್ಕೆ ಬಂತು, ತಲೆಯಲ್ಲಿ ಗಾಯವಿತ್ತು. ಅಲೆಗೆ ಆಯತಪ್ಪಿ ದೋಣಿಯ ಅಂಚಿಗೆ ತಲೆ ಬಡಿದು ಬಿದ್ದ ಎಂದ ತಮ್ಮ. ದೋಣಿಯ ಹುಟ್ಟುಗೋಲಿನಿಂದ ಹೊಡೆದದ್ದು ಎಂದರು ಪೊಲೀಸರು. ಹಿಂದಿನ ದಿನ ಇಬ್ಬರೂ ಜಗಳವಾಡಿದ್ದನ್ನು ಊರೆಲ್ಲ ಕಂಡಿತ್ತು. ಕೇಸು ವರ್ಷಗಟ್ಟಲೆ ನಡೆಯಿತು. ಕೊನೆಗೆ ಸಾಕ್ಷಿ ಸಾಲದೆಂದು ಬಿಟ್ಟರು. ಆ ಊರಿನಲ್ಲಿ ಇರಲಾಗದೆ ಟೀಚರ್ ಅವನನ್ನು ಕರೆದುಕೊಂಡು ಹೊಳೆ ದಾಟಿ ಇಲ್ಲಿಗೆ ಬಂದರು. ಮದುವೆಯ ಮಾತು ಇಬ್ಬರಿಗೂ ಅಲ್ಲಿಗೆ ಮುಗಿಯಿತು.

"ಅವನೇ ಅಂತ ಕೆಲವರು, ಅವನಲ್ಲ ಅಂತ ಕೆಲವರು. ಎಲ್ಲರಿಗೂ ಒಂದೊಂದು ಅಭಿಪ್ರಾಯ ಇತ್ತು. ನನಗೊಬ್ಬಳಿಗೆ ಇರ್ಲಿಲ್ಲ. ದಿನಾ ಬಡಿಸ್ತಿದ್ದೆ, ಅವನು ಉಣ್ತಿದ್ದ. ಕೇಳ್ಲೇ ಇಲ್ಲ ನಾನು."

ರಸ್ತೆಯತ್ತ ನೋಡುತ್ತಾ ಮುಂದುವರಿಸಿದರು. "ಕೊನೆಗೆ ಕಾಯಿಲೆ ಬಿದ್ದ. ಒಂದು ಸಂಜೆ ಗಂಜಿ ಕುಡಿಸ್ತಿದ್ದೆ. 'ಅಕ್ಕಾ, ಆ ದಿನ ದೋಣಿಯಲ್ಲಿ' ಅಂತ ಶುರು ಮಾಡಿದ. ನಾನು, 'ಈಗ ಅದೆಲ್ಲ ಬೇಡ, ಮಲಗು' ಅಂದೆ. ಗೋಡೆ ಕಡೆ ತಿರುಗಿದ. ಮತ್ತೆ ಆ ಮಾತು ಎತ್ತಲಿಲ್ಲ."

"ಎಂತಕ್ಕೆ ತಡೆದ್ರಿ ಟೀಚರ್?"

"ಹೆದರಿಕೆ. ಹೌದು ಅಂದುಬಿಟ್ರೆ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಅಲ್ಲ ಅಂತ ಹೇಳ್ಲಿಕ್ಕೆ ಹೊರಟಿದ್ದನೋ ಏನೋ. ಅದು ನನಗೆ ಹೊಳೆದದ್ದು ಅವನು ಹೋದ ಮೇಲೆ. ಹಾಗಿದ್ರೆ ಪಾಪ, ಎಷ್ಟು ವರ್ಷ ಅವನು ಒಬ್ಬನೇ ಇದ್ದ ನೋಡು ಈ ಮನೆಯಲ್ಲಿ. ನಾನು ಇದ್ದೂ ಒಬ್ಬನೇ."

ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ. ಹೊರಡುವಾಗ, "ಕೂಟಕ್ಕೆ ಇನ್ನು ಬರುವುದಿಲ್ಲ ಮಗಾ, ಬೇಜಾರು ಮಾಡಬೇಡ" ಎಂದರು.

ಮರುವರ್ಷ ಮಳೆ ಹಿಡಿಯುವ ಮೊದಲು ಟೀಚರ್ ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ ನನ್ನ ಹೆಗಲಿಗೆ ಒರಗಿದರು. ಊರಿನಿಂದ ದೂರದ ಸಂಬಂಧಿಯೊಬ್ಬರು ಬಂದು ಕಾರ್ಯ ಮುಗಿಸಿದರು. ಬೀದಿಯವರು ಗೇಟಿನ ಹೊರಗೆ ನಿಂತಿದ್ದರು. ಕೂಟದ ಆ ಯುವ ವಕೀಲರೊಬ್ಬರು ಮಾತ್ರ ಒಳಗೆ ಬಂದು, ಚಪ್ಪಲಿ ಬಿಟ್ಟು, ಕೈಮುಗಿದು ಹೋದರು.

ಈಚೆಗೆ ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ, "ನಿನಗೊಂದು ವಿಷಯ ಹೇಳಲಿಕ್ಕುಂಟು. ಅಮ್ಮನಿಗೂ ಹೇಳಿಲ್ಲ" ಎಂದರು. ಸುಸ್ತು ಮಾಡಿಕೊಳ್ಳಬೇಡಿ, ಮಲಗಿ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು, "ಹೇಳಿ ಅಪ್ಪ" ಎಂದೆ.