ಯಜಮಾನನಿಲ್ಲದ ಹಾರೈಕೆ

ಸಮರ್ಕಂದದ ನಮ್ಮ ಕುಂಬಾರಗೇರಿಯಲ್ಲಿ ಬಟ್ಟಲುಗಳ ಅಂಚಿಗೆ ಅಕ್ಷರ ಬರೆಯುವ ವೀರನೆಂದರೆ ಮಾಹಾನ್ ಉಸ್ತಾದ. ಅವನು ಕುಂಚ ಎತ್ತಿದರೆ ಬೀದಿಯ ಕತ್ತೆಗಳೂ ಅರಚುವುದನ್ನು ನಿಲ್ಲಿಸಬೇಕು. 'ಯಜಮಾನನಿಗೆ ಶುಭ', 'ಯಜಮಾನನಿಗೆ ಆರೋಗ್ಯ' ಎಂದು ಬಟ್ಟಲು ಕೊಳ್ಳುವವನನ್ನು ಹಾರೈಸುವ ಕಪ್ಪು ಅಕ್ಷರಗಳನ್ನು ಈಟಿ ಹಿಡಿದ ಸೈನಿಕರಂತೆ ಸಾಲಾಗಿ ನಿಲ್ಲಿಸುತ್ತಾನೆ. ಸುಡುವಾಗ ಆವಿಗೆಯಲ್ಲಿ ಬಟ್ಟಲು ಬಿರಿದರೆ ಉಳಿದವರು ತಿಪ್ಪೆಗೆ ಎಸೆಯುತ್ತಾರೆ. ಇವನು ಅಕ್ಷರವಿರುವ ಚೂರನ್ನು ಹಿಡಿದು ಬೀದಿಗೆ ಓಡುತ್ತಾನೆ. "ಯಜಮಾನ ಇಲ್ದಿರೋ ಹಾರೈಕೆ ಕಣಯ್ಯಾ, ಹಾಳಾಗಬಾರ್ದು, ಹಿಡಿ!" ಎಂದು ಎದುರು ಸಿಕ್ಕವರ ಕೈಗೆ ತುರುಕುತ್ತಾನೆ. "ಮೊನ್ನೆ ನೀನು ಕೊಟ್ಟ ಶುಭ ಅಂಗೈ ಕುಯ್ದುಬಿಡ್ತು, ಹೋಗೋ ಮಾರಾಯ" ಎಂದು ಕಟುಕ ಬಯ್ದರೂ ಬಿಡುವವನಲ್ಲ. ಆರೋಗ್ಯದ ಚೂರುಗಳನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅವು ನಲವತ್ತು ದಿನಗಳಿಂದ ಜ್ವರ ಹಿಡಿದು, ಮಾತೂ ಆಡದೆ ಮಲಗಿದ್ದ ಹೆಂಡತಿ ಬಾನೂಳ ಹಾಸಿಗೆಯ ಸುತ್ತ ಕೋಟೆಯಂತೆ ಬೆಳೆಯುತ್ತಿದ್ದವು. ನಿನ್ನೆ ಬೆಳಿಗ್ಗೆ ಅವನು ಮತ್ತೊಂದು ಬುಟ್ಟಿ ಚೂರು ಹೊತ್ತು ಒಳಗೆ ಹೋದ. "ಇನ್ನೂ ತಂದ್ರಾ? ಕಾಲಿಡೋಕೆ ಜಾಗ ಎಲ್ರೀ ಇದೆ?" ಎನ್ನುತ್ತ ಅವಳು ಗೋಡೆ ಹಿಡಿದು ಎದ್ದಳು, ಪೊರಕೆ ಕೈಗೆತ್ತಿಕೊಂಡಳು. ಉಸ್ತಾದ ಕುಣಿಯುತ್ತ ಬೀದಿಗೆ ಬಂದು ಕೇರಿಯನ್ನೆಲ್ಲ ಕೂಗಿ ಕರೆದ: "ಬನ್ರೋ, ಬೇಗ ಬನ್ರೋ! ನನ್ನ ಹೆಂಡ್ತಿ ಬಯ್ತಿದಾಳೆ, ಕೇಳ್ಬನ್ರೋ!"